ಅಪ್ಪ ಬಿಸಿಲಿಗೆ ಕೂತ ದಿನ

ದೋನ್ಯಾ ಎರ್ಸಿಲಿಯಾ ನಾಳೆ ಬರುತ್ತಾರಂತೆ ಎಂದು ಅಕ್ಕ ಫೋನಿನಲ್ಲಿ ಹೇಳಿದ ಗಳಿಗೆಯಿಂದ ಒಸ್ವಾಲ್ದೊನಿಗೆ ಬಾಯಿರುಚಿ ಕೆಟ್ಟಿತ್ತು. ಬೆಳಿಗ್ಗೆ ಎದ್ದು ಮಾಟೆ ಎಲೆಗೆ ಬಿಸಿನೀರು ಹೊಯ್ದು ಕೊಳವೆಯಿಂದ ಹೀರಿದರೆ ಬರೀ ಕಹಿ. ಅರವತ್ತು ವರ್ಷದಲ್ಲಿ ಈ ಕಹಿ ಅವನಿಗೆ ಹೊಸದೇನಲ್ಲ, ಆದರೆ ಇವತ್ತು ಅದರ ಹಿಂದೆ ಬರಬೇಕಾದ ಹಿತ ಬರಲಿಲ್ಲ. ಹಿರಿಯರೆಂಬ ಗೌರವಕ್ಕೆ ಎಲ್ಲರೂ ದೋನ್ಯಾ ಎಂದು ಕರೆಯುತ್ತಿದ್ದ ಎರ್ಸಿಲಿಯಾ ಹತ್ತೊಂಬತ್ತು ವರ್ಷದ ಹಿಂದೆ ಎದುರುಮನೆಯಲ್ಲಿದ್ದವರು. ಅಪ್ಪ ತೀರಿಕೊಂಡ ತಿಂಗಳೊಳಗೇ ಮನೆ ಖಾಲಿ ಮಾಡಿ ಮೆಂದೋಸಾ ನಗರದ ಮಗನ ಮನೆಗೆ ಹೋದವರು ಆಮೇಲೆ ಈ ಕಡೆ ತಲೆ ಹಾಕಿರಲಿಲ್ಲ. ಈಗ ತಂಗಿಯ ಮಗಳನ್ನು ನೋಡಲು ಬಂದಿದ್ದಾರೆ, ಬೇಕರಿಯಲ್ಲಿ ಅಕ್ಕ ನೆಲಿದಾಳ ಕಣ್ಣಿಗೆ ಬಿದ್ದಿದ್ದಾರೆ, ಅಕ್ಕ ಕರೆದುಬಿಟ್ಟಿದ್ದಾಳೆ. "ಅಪ್ಪನ್ನ ಕಂಡೋರು ಇನ್ಯಾರಿದಾರೆ ಹೇಳು ನಮ್ಮಿಬ್ರನ್ನ ಬಿಟ್ರೆ. ಹಣ್ಣಿನ ಪಾಕ ಮಾಡೋ ದಿನವೇ ಬರ್ಲಿ, ಬಾಯ್ತುಂಬ ಮಾತಾಡೋಣ," ಎಂದಿದ್ದಳು. ಒಸ್ವಾಲ್ದೊ ಹೂಂ ಎಂದಿದ್ದ. ಎದುರುಮನೆಯ ಅಡುಗೆಕೋಣೆಯ ಕಿಟಕಿ ಬೀದಿಗೇ ತೆರೆದುಕೊಳ್ಳುತ್ತಿತ್ತು, ಚಳಿಗಾಲ ಬರುವವರೆಗೂ ಅದನ್ನು ಮುಚ್ಚುತ್ತಿರಲಿಲ್ಲ. ರಾತ್ರಿಯಿಡೀ ಅವನ ತಲೆಯಲ್ಲಿ ಸುತ್ತುತ್ತಿದ್ದದ್ದು ಆ ಕಿಟಕಿ ಒಂದೇ.

ಹಿತ್ತಲಿನ ಮೆಂಬ್ರಿಯೊ ಮರ ಈ ಸಲ ಟೊಂಗೆ ಬಾಗುವಷ್ಟು ಬಿಟ್ಟಿತ್ತು. ಹಳದಿ ಹಣ್ಣು, ಕಲ್ಲಿನಷ್ಟು ಗಟ್ಟಿ, ಹಸಿದವನೂ ಹಸಿಯಾಗಿ ಕಚ್ಚಲಾರ. ಅದರ ಪರಿಮಳ ಮಾತ್ರ ಮನೆಯೊಳಗೆಲ್ಲ ನುಗ್ಗಿ ಬಟ್ಟೆಯ ಪೆಟ್ಟಿಗೆಯಲ್ಲೂ ಕೂತುಬಿಡುತ್ತದೆ. ಒಂದೊಂದನ್ನೇ ಕಿತ್ತು ಮೇಲಿನ ಬೂದುರೋಮವನ್ನು ಅಂಗಿಯ ತುದಿಯಿಂದ ಒರೆಸಿ ಚೀಲಕ್ಕೆ ಹಾಕುವಾಗ ಅಪ್ಪನ ಗಲ್ಲ ಒರೆಸಿದ ನೆನಪಾಯಿತು. ಲಕ್ವ ಹೊಡೆದ ಮೇಲೆ ಅಪ್ಪನಿಗೆ ಊಟವಾದಾಗಲೆಲ್ಲ ಬಲಗಡೆಯ ಬಾಯಂಚಿನಿಂದ ಸಾರು ಇಳಿಯುತ್ತಿತ್ತು. ಒರೆಸುವಾಗ ಅಪ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ನಾಚಿಕೆಗೋ, ಕೃತಜ್ಞತೆಗೋ, ಮಗನ ಅವಸರದ ಕೈಯನ್ನು ನೋಡಲಾರದೆಯೋ. ಚೀಲ ಹೆಗಲಿಗೇರಿಸಿ ಬಾಗಿಲು ಎಳೆದುಕೊಂಡವನು ಎಂದಿನಂತೆ ಮನೆ ಮುಂದಿನ ಕಾಲುದಾರಿಯಲ್ಲಿ ನಡೆಯದೆ ಸೀದಾ ರಸ್ತೆ ದಾಟಿ ಆಚೆಗೆ ಹೋದ. ಆ ಸೀಮೆಯಲ್ಲಿ ಎಲೆ ಉದುರಿ ಚಳಿ ಶುರುವಾಗುವ ಏಪ್ರಿಲ್ ಬಂತೆಂದರೆ ಅವನು ಹಾಗೆಯೇ. ತನ್ನದೇ ಮನೆಯ ಹೊಸಿಲ ಮುಂದೆ, ಗೋಡೆಗೆ ಒರಗಿದಂತೆ, ಒಂದು ಕುರ್ಚಿ ಹಿಡಿಯುವಷ್ಟು ಜಾಗವನ್ನು ಅವನು ತುಳಿಯುವುದಿಲ್ಲ. ಅಲ್ಲಿ ಈಗ ಏನೂ ಇಲ್ಲ, ಬಿಸಿಲು ಮಾತ್ರ.

ಬೀದಿಯ ಎರಡೂ ಬದಿಗೆ ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ನೀರಿನ ಮೇಲೆ ಪಾಪ್ಲರ್ ಮರದ ಹಳದಿ ಎಲೆಗಳು ಸಾಲುಗಟ್ಟಿ ತೇಲುತ್ತಿದ್ದವು. ಯಾರೋ ಎಲೆ ಗುಡ್ಡೆ ಹಾಕಿ ಬೆಂಕಿ ಕೊಟ್ಟಿದ್ದರು. ಆ ಹೊಗೆ, ದ್ರಾಕ್ಷಿ ಹೊತ್ತ ಲಾರಿಗಳು ಬಿಟ್ಟುಹೋದ ಹುಳಿವಾಸನೆ, ಬೇಕರಿಯ ಕೊಬ್ಬಿನ ರೊಟ್ಟಿಯ ಬಿಸಿ. ಚಿಕ್ಕಂದಿನಿಂದ ಅವನಿಗೆ ವರ್ಷದ ಉಳಿದ ತಿಂಗಳುಗಳೆಲ್ಲ ಈ ಒಂದು ತಿಂಗಳಿಗೆ ಕಾಯುವುದಕ್ಕೆಂದೇ ಇದ್ದವು. ಸಂತೋಷ ಎನ್ನುವುದು ಇಷ್ಟೇ ಸಣ್ಣದು, ಇಷ್ಟೇ ಸಾಕು ಎಂದು ಅಮ್ಮ ಹೇಳುತ್ತಿದ್ದಳು, ಬೆಚ್ಚಗಿನ ರೊಟ್ಟಿಯನ್ನು ಎದೆಗೊತ್ತಿಕೊಂಡು. ಈಗ ಹೊಗೆಯ ವಾಸನೆ ಬಂದರೆ ಅವನು ಹೆಜ್ಜೆ ಬಿರುಸು ಮಾಡುತ್ತಾನೆ. ತೋಟದ ರಾಮೋನ್ ತೂಬಿನ ಬಳಿ ಸಲಿಕೆ ಹಿಡಿದು ನಿಂತಿದ್ದ.

"ಏನಯ್ಯಾ ನೀರುಗಂಟಿ, ಕೆಲಸ ಬಿಟ್ಟು ನಾಲ್ಕು ವರ್ಷ ಆಯ್ತು, ಇನ್ನೂ ಗಡಿಯಾರ ನೋಡ್ಕೊಂಡು ನಡೀತೀಯಲ್ಲ."

ಒಸ್ವಾಲ್ದೊ ಕೈ ನೋಡಿಕೊಂಡ. ನಿಜ, ನೋಡುತ್ತಿದ್ದ.

"ಈಗಿನ ಹುಡುಗ ಅರ್ಧ ಗಂಟೆ ತಡ ಮಾಡ್ತಾನೆ," ಎಂದ ರಾಮೋನ್. "ನಿನ್ನ ಕಾಲದಲ್ಲಿ ಯಾವನ ಸರದೀನೂ ಒಂದು ನಿಮಿಷ ತಪ್ಪಿದ್ದಿಲ್ಲ. ಅದನ್ನ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ."

ಒಸ್ವಾಲ್ದೊ ಚೀಲದಿಂದ ಎರಡು ಹಣ್ಣು ತೆಗೆದುಕೊಟ್ಟ. ಮೂವತ್ತೊಂದು ವರ್ಷ ಅವನು ಊರಿನ ತೂಬುಗಳನ್ನು ಏರಿಸಿ ಇಳಿಸಿದ್ದ. ಯಾರ ತೋಟಕ್ಕೆ ಎಷ್ಟು ಹೊತ್ತಿಗೆ ನೀರು, ಎಷ್ಟು ಹೊತ್ತಿಗೆ ನಿಲುಗಡೆ ಎಲ್ಲವೂ ಅವನ ಬೆರಳ ತುದಿಯಲ್ಲಿತ್ತು. ಮನುಷ್ಯರು ಮೋಸ ಮಾಡಬಹುದು, ನೆರಳು ಮಾಡುವುದಿಲ್ಲ ಎಂದುಕೊಂಡಿದ್ದವನು. ಮನೆ ಮುಂದಿನ ಗೋಡೆಗೆ ಏಪ್ರಿಲ್‌ನಲ್ಲಿ ಒಂದು ಗಂಟೆಗೆ ಬಿಸಿಲು ಬೀಳುತ್ತದೆ, ಮೂರೂವರೆಗೆ ಎದುರುಮನೆಯ ನೆರಳು ಬಂದು ಮುಟ್ಟುತ್ತದೆ. ಇದು ಅವನಿಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಅಕ್ಕನ ಹಿತ್ತಲಲ್ಲಿ ಆಗಲೇ ಒಲೆ ಹೊತ್ತಿತ್ತು. ಮೂರು ಕಲ್ಲಿನ ಮೇಲೆ ಅಮ್ಮನ ಕಾಲದ ತಾಮ್ರದ ಕೊಪ್ಪರಿಗೆ. ನೆಲಿದಾ, ಅರವತ್ತೈದರ ಗಟ್ಟಿ ಹೆಂಗಸು, ಮಂಡಿ ಅಗಲಿಸಿ ಕೂತು ಬೇಯಿಸಿದ ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದಳು. ಪಕ್ಕದಲ್ಲಿ ಮೊಮ್ಮಗಳು ರೆನಾತಾ, ಎಂಟು ವರ್ಷದವಳು, ಬೀಜಗಳನ್ನು ಬಟ್ಟಲಿಗೆ ಎಣಿಸಿ ಹಾಕುತ್ತಿದ್ದಳು.

"ಬಂದ್ಯಾ. ಮುಖ ಯಾಕೆ ಹೀಗಿದೆ? ಗಡ್ಡನಾದ್ರೂ ತೆಗೀಬಾರ್ದಿತ್ತಾ, ಮನೆಗೆ ಜನ ಬರೋ ದಿನ," ಎಂದಳು ನೆಲಿದಾ.

"ತೆಗ್ದಿದೀನಲ್ಲ, ಅಕ್ಕ."

"ಹಂಗಾದ್ರೆ ಮುಖವೇ ಹಂಗಿರ್ಬೇಕು. ಹುಟ್ಟು ಹಿಡ್ಕೋ. ತಳ ಹಿಡಿಸಿದ್ಯೋ, ಈ ಸಲ ನಿನ್ನ ಪಾಲು ನಾಯಿಗೆ."

ರೆನಾತಾ ಕಿಸಕ್ಕೆಂದಳು. ಒಸ್ವಾಲ್ದೊ ಉದ್ದನೆಯ ಮರದ ಹುಟ್ಟು ಹಿಡಿದು ಕೊಪ್ಪರಿಗೆಯ ಮುಂದೆ ನಿಂತ. ಪಾಕ ಇನ್ನೂ ತಿಳಿಹಳದಿ. ಸಕ್ಕರೆ ಕರಗಿ, ಕುದಿದು, ಗಂಟೆಗಳ ಮೇಲೆ ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗಬೇಕು. ಆಮೇಲೆ ಅಚ್ಚಿಗೆ ಹೊಯ್ದು ಆರಿಸಿದರೆ ಚಾಕುವಿನಿಂದ ಕೊಯ್ಯುವಂಥ ಗಟ್ಟಿ. ಒಂದು ಹೋಳು ಚೀಸು, ಅಂದರೆ ಉಪ್ಪಿನ ಗಿಣ್ಣು, ಅದರ ಮೇಲೆ ಒಂದು ಹೋಳು ಇದು. ಅವನು ಹತ್ತೊಂಬತ್ತು ವರ್ಷದಿಂದ ಅದನ್ನು ತಿಂದಿಲ್ಲ. ಹಲ್ಲು ಜುಮ್ಮೆನ್ನುತ್ತದೆ ಎಂದು ಸುಳ್ಳು ಹೇಳಿ ತನ್ನ ಪಾಲನ್ನು ಮನೆಗೆ ಒಯ್ದು ಹಂಚಿಬಿಡುತ್ತಾನೆ. ಅಪ್ಪ ಬಿಸಿಲಿಗೆ ಕೂತಿದ್ದ ಆ ದಿನವೂ ತಟ್ಟೆಯಲ್ಲಿ ಅದೇ ಇತ್ತು, ಅಕ್ಕ ಹಿಂದಿನ ದಿನವಷ್ಟೇ ಕೊಟ್ಟದ್ದು, ಅಂಚಿನಲ್ಲಿ ಇನ್ನೂ ಮೆತ್ತಗಿತ್ತು. ಬೀದಿ ಕೋಣೆಯ ಮಂಚ, ರೇಡಿಯೊದಲ್ಲಿ ಫುಟ್‌ಬಾಲ್, ಕಿಟಕಿಯಿಂದ ಬಂದು ಅಂಗಾಲಿಗೆ ತಾಗುತ್ತಿದ್ದ ಬಿಸಿಲಿನ ಪಟ್ಟಿ. ಐದು ತಿಂಗಳಿಂದ ರಾತ್ರಿ ಮೂರು ಮೂರು ಸಲ ಎದ್ದು ಅಪ್ಪನನ್ನು ಮಗ್ಗುಲಾಗಿಸಿ, ಬಟ್ಟೆ ಬದಲಿಸಿ, ಬೆಳಿಗ್ಗೆ ಐದಕ್ಕೆ ತೂಬಿಗೆ ಓಡಿದ್ದ ಮೈ ಅದು. ಬಾಯಲ್ಲಿ ಗಿಣ್ಣಿನ ಉಪ್ಪು ಹಣ್ಣಿನ ಸಿಹಿಯ ಜೊತೆ ಕೂಡಿತ್ತು. ಈ ಹೊತ್ತು ನನ್ನದು ಎಂದುಕೊಂಡಿದ್ದ.

"ತಿರುವೋ, ನಿಂತುಬಿಟ್ಯಲ್ಲ," ಎಂದಳು ಅಕ್ಕ.

ದೋನ್ಯಾ ಎರ್ಸಿಲಿಯಾ ಮೂರು ಗಂಟೆಗೆ ಬಂದರು. ಒಂದು ಕಾಲದ ದೊಡ್ಡ ದನಿಯ ಹೆಂಗಸು ಈಗ ಹಕ್ಕಿಯಷ್ಟಾಗಿದ್ದರು. ಎರಡೂ ಕೈಯಿಂದ ಒಸ್ವಾಲ್ದೊನ ಮುಖ ಹಿಡಿದು, ಬಗ್ಗಿಸಿ, ಕೆನ್ನೆಗೆ ಮುತ್ತಿಟ್ಟರು. "ತಂದೆ ಥರಾನೇ ಆಗಿಬಿಟ್ಟಿದೀಯಲ್ಲೋ," ಎಂದರು. ಅವನಿಗೆ ಆ ಕೈಗಳಿಂದ ಮುಖ ಬಿಡಿಸಿಕೊಳ್ಳಬೇಕೆನಿಸಿತು. ಅವರು ಕುರ್ಚಿ ಒಲೆಯ ಹತ್ತಿರ ಎಳೆಸಿಕೊಂಡು ಕೂತು, ಮಾಟೆ ಹೀರಿ, ಮಾಟೆಯ ಸೋರೆಬುರುಡೆಯನ್ನು ನೆಲಿದಾಳ ಕೈಗೆ ಮರಳಿಸಿ, ಬೀದಿಯಲ್ಲಿ ಸತ್ತವರ, ಬದುಕಿರುವವರ ಸುದ್ದಿಯೆಲ್ಲ ಕೇಳಿದರು. ಒಸ್ವಾಲ್ದೊ ಬೆನ್ನು ತಿರುಗಿಸಿ ಪಾಕ ತಿರುವುತ್ತಿದ್ದ. ಒಂದೊಂದು ಹೆಸರು ಬಂದಾಗಲೂ ಮುಂದಿನದು ಅಪ್ಪನದೇ ಎಂದು ಅವನ ಹೆಗಲು ಬಿಗಿಯುತ್ತಿತ್ತು. ಕಡೆಗೆ ಅಕ್ಕನೇ ತೆಗೆದಳು. ತೆಗೆಯದೆ ಇರುವವಳಲ್ಲ. ಪ್ರತಿ ವರ್ಷ ಈ ಒಲೆಯ ಮುಂದೆ ಅವಳು ಹೇಳುವ ಕತೆ ಅದು.

"ಅಪ್ಪಂಗೆ ಕೊನೇವರೆಗೂ ಹಟ ನೋಡಿ, ದೋನ್ಯಾ ಎರ್ಸಿಲಿಯಾ. ಆವತ್ತು ನೆರಳು ಬಂತು, ಒಳಗೆ ಬನ್ನಿ ಅಂತ ಇವನು ಕರೆದ್ರೆ ಕುರ್ಚಿ ಕೈ ಬಿಗಿಯಾಗಿ ಹಿಡ್ಕೊಂಡ್ರಂತೆ. ಆಕಾಶಕ್ಕೆ ಬೆರಳು ತೋರಿಸಿದ್ರಂತೆ. ಸೂರ್ಯ ಮುಳುಗೋವರ್ಗೂ ನಾನು ಹೋಗಲ್ಲ ಅನ್ನೋ ಥರ. ಹೇಳೋ ಒಸ್ವಾಲ್ದೊ, ಬೆರಳು ಹೆಂಗೆ ಮಾಡಿದ್ರು ತೋರ್ಸು."

ಅವನ ಕೈ ಹುಟ್ಟಿನ ಮೇಲಿತ್ತು. ಆ ಬೆರಳನ್ನು ಅವನು ಆಸ್ಪತ್ರೆಯ ಮೊಗಸಾಲೆಯಲ್ಲಿ ಹುಟ್ಟಿಸಿದ್ದ. ಎಷ್ಟು ಹೊತ್ತು ಹೊರಗಿದ್ದರು ಎಂದು ವೈದ್ಯರು ಕೇಳಿದಾಗ, ಅಕ್ಕ ಪಕ್ಕದಲ್ಲೇ ನಿಂತು ಅವನ ಬಾಯನ್ನೇ ನೋಡುತ್ತಿದ್ದಾಗ, ಆ ಬೆರಳು ತಾನಾಗಿಯೇ ಬಂತು. ಹನ್ನೊಂದನೆಯ ದಿನ ಅಪ್ಪ ನ್ಯುಮೋನಿಯಾದಿಂದ ಹೋದ. ಶವಪೆಟ್ಟಿಗೆಯ ಬಳಿ ಅಕ್ಕ ಅತ್ತು ಅತ್ತು ಈ ಬೆರಳಿನ ಕತೆ ಹೇಳಿ ಎಲ್ಲರನ್ನೂ ನಗಿಸಿದಳು. ಅವನೂ ನಕ್ಕಿದ್ದ.

ದೋನ್ಯಾ ಎರ್ಸಿಲಿಯಾ ತಲೆ ಅಲ್ಲಾಡಿಸಿದರು. "ಒಳಗೆ ಬರಲ್ಲ ಅಂದ್ರಾ? ಆವತ್ತಾ? ಬೇರೆ ದಿನ ಇರ್ಬೇಕು ಕಣಮ್ಮ. ಆವತ್ತು ನಾನೇ ಅವರ ಹತ್ರ ಹೋಗಿದ್ನಲ್ಲ."

ನೆಲಿದಾ ಚಾಕು ಹಿಡಿದ ಕೈ ನಿಲ್ಲಿಸಿದಳು.

"ಒಣಗಿದ ಬಟ್ಟೆ ತೆಗೀತಿದ್ದೆ. ನೋಡ್ತೀನಿ, ನಿಮ್ಮ ಮನೆ ಗೋಡೆ ಪೂರ್ತಿ ನೆರಳಾಗಿದೆ, ಪಾಪ ಕೂತೇ ಇದಾರೆ. ಹೋದೆ. ಕೈ ಮುಟ್ಟಿದ್ರೆ ಮಂಜುಗಡ್ಡೆ. ಒಸ್ವಾಲ್ದೊನ್ನ ಎಬ್ಬಿಸ್ತೀನಿ ಅಂದೆ. ಅವರು ಈ ಎಡಗೈ ಇತ್ತಲ್ಲ, ಅದನ್ನ ಕೆನ್ನೆ ಕೆಳಗಿಟ್ಕೊಂಡು ಹಿಂಗೆ ಮಾಡಿದ್ರು, ಆಮೇಲೆ ಬಾಯಿ ಮೇಲೆ ಬೆರಳು. ಮಲಗಿದಾನೆ, ಸದ್ದು ಮಾಡ್ಬೇಡ ಅಂತ." ಅವರು ಎರಡೂ ಸನ್ನೆ ಮಾಡಿ ತೋರಿಸಿದರು. ಕಣ್ಣಲ್ಲಿ ನೀರಾಡಿತು. "ಎಂಥ ತಂದೆ. ನನ್ನ ಕೈಲಿ ಎತ್ತಕ್ಕಾಗಲ್ಲ. ಮಗನ ಕೋಟು ತಂದು ಹೊದಿಸ್ದೆ. ಸ್ವಲ್ಪ ಹೊತ್ತು ಕೂತೆ. ಆಮೇಲೆ ಮಗನೂರಿಗೆ ನನ್ನ ಬಸ್ಸಿತ್ತು, ಹೋದೆ. ಇಷ್ಟೊತ್ತಿಗೆ ಎದ್ದಿರ್ತಾನೆ ಅಂತ ದಾರಿ ಉದ್ದಕ್ಕೂ ಅಂದ್ಕೊಂಡೆ. ನಾನು ವಾಪಸ್ ಬರೋ ಹೊತ್ತಿಗೆ ಮಣ್ಣೂ ಆಗಿತ್ತು." ಸ್ವಲ್ಪ ತಡೆದು, ಹಗುರಾಗಿ, "ಆ ಕೋಟು ನನ್ನ ಮಗ ಆ ಚಳಿಗಾಲ ಪೂರ್ತಿ ಹುಡುಕ್ದ. ಹೋಗ್ಲಿ ಬಿಡು," ಎಂದರು.

ಕೋಟು. ಕಂದು ಬಣ್ಣದ್ದು, ಮೊಣಕೈಗೆ ಚರ್ಮದ ತೇಪೆ. ಆರೂವರೆಗೆ ಎಚ್ಚರವಾಗಿ ಓಡಿ ಬಂದಾಗ ಅಪ್ಪನ ಮೈಮೇಲೆ ಅದಿತ್ತು. ಒದ್ದೆಯಾಗಿತ್ತು, ಅಪ್ಪ ಕೂತಲ್ಲೇ ಎಲ್ಲ ಮಾಡಿಕೊಂಡಿದ್ದ. ಯಾರದೆಂದು ಕೇಳಿದರೆ ಯಾರು ಬಂದಿದ್ದರು, ಎಷ್ಟು ಹೊತ್ತಿಗೆ ಬಂದಿದ್ದರು ಎಂದು ಕೇಳಬೇಕಾಗುತ್ತಿತ್ತು. ಒಗೆದು, ಒಣಗಿಸಿ, ಪಕ್ಕದೂರಿನ ಚರ್ಚಿನಲ್ಲಿ ಬಡವರಿಗೆಂದು ಇಟ್ಟ ಪೆಟ್ಟಿಗೆಗೆ ಹಾಕಿ ಬಂದಿದ್ದ. ಹತ್ತೊಂಬತ್ತು ವರ್ಷ, ಊರಿನ ಪ್ರತಿ ಮನೆಯಲ್ಲೂ, ನೋಡಿದವರು ಯಾರೋ ಒಬ್ಬರು ಇದ್ದಾರೆ ಎಂದು ತಲೆ ತಗ್ಗಿಸಿ ನಡೆದಿದ್ದ. ಆ ಒಬ್ಬರು ಈಗ ಕಣ್ಣೊರೆಸಿಕೊಂಡು ಅವನನ್ನು ಪ್ರೀತಿಯಿಂದ ನೋಡುತ್ತಿದ್ದರು. ಅವರು ಆಪಾದಿಸಲು ಬಂದಿರಲಿಲ್ಲ. ಕೈಯಲ್ಲಿ ಕ್ಷಮೆಯನ್ನೇ ಹಿಡಿದು ತಂದಿದ್ದರು. ತೆಗೆದುಕೊಂಡುಬಿಟ್ಟರೆ ಮುಗಿಯಿತು, ದಣಿದ ಮಗ ಮಲಗಿದ್ದ, ತಂದೆ ಎಬ್ಬಿಸಬೇಡ ಎಂದ.

"ರೆನಾತಾ, ದೋನ್ಯಾ ಎರ್ಸಿಲಿಯಾಗೆ ಕೋಳಿಗೂಡು ತೋರ್ಸಿ ಬಾ," ಎಂದಳು ನೆಲಿದಾ.

ಇಬ್ಬರೂ ಕೈ ಹಿಡಿದುಕೊಂಡು ಹಿತ್ತಲ ತುದಿಗೆ ಹೋದರು. ನೆಲಿದಾ ಚಾಕುವನ್ನು ಮಡಿಲ ಬಟ್ಟೆಗೆ ಒರೆಸುತ್ತಿದ್ದಳು, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು.

"ಮಲಗಿದ್ಯಾ," ಎಂದಳು.

"ಮಲಗಿದ್ದೆ."

"ಬೆರಳು?"

"ಇಲ್ಲ ಅಕ್ಕ. ಬೆರಳು ನಾನು ಹೇಳಿದ್ದು."

"ಎಷ್ಟು ಹೊತ್ತು?"

"ಮೂರು ಗಂಟೆ ಹೊತ್ತು. ನೆರಳಲ್ಲಿ."

ಅವಳು ಹೂಂ ಎಂದಳು. ನಿದ್ದೆ ಬಂದರೆ ಮನುಷ್ಯ ಏನು ಮಾಡಲಾದೀತು ಎಂಬ ಮಾತು ಅವಳ ತುಟಿಯ ಮೇಲೆ ಕೂಡಿಕೊಳ್ಳುತ್ತಿರುವುದು ಅವನಿಗೆ ಕಂಡಿತು. ಒಂದು ಕ್ಷಣ ಕಾದಿದ್ದರೆ ಅದನ್ನು ಹೇಳಿಯೇ ಬಿಡುತ್ತಿದ್ದಳು. ಅವನು ಕಾಯಲಿಲ್ಲ.

"ಮಲಗೋ ಮುಂಚೆ ಕೂಗಿದ್ರು," ಎಂದ. "ಎರಡು ಸಲ. ಆಆದೋ ಅಂತ, ನನ್ನ ಹೆಸರನ್ನ. ನಂಗೆ ಕೇಳಿಸ್ತು. ನೀನು ಕೊಟ್ಟಿದ್ದನ್ನ ತಿಂತಾ ಇದ್ದೆ. ಐದು ನಿಮಿಷ ಅಂದ್ಕೊಂಡೆ. ಎರಡನೇ ಸಲ ಕೂಗಿದಾಗ ರೇಡಿಯೊ ಸಣ್ಣ ಮಾಡ್ದೆ."

"ಯಾಕೆ?"

"ನಿದ್ದೆ ಬಂದಿದೆ ಅಂದ್ಕೊಳ್ಲಿ ಅಂತ."

ಬೀದಿ ಕೋಣೆಯ ಕಿಟಕಿಗೂ ಅಪ್ಪನ ಕುರ್ಚಿಗೂ ನಡುವೆ ಎರಡು ಮಾರು ದೂರವಿರಲಿಲ್ಲ. ರೇಡಿಯೊ ತಾನಾಗಿ ಸಣ್ಣದಾಗುವುದಿಲ್ಲ. ಅಪ್ಪನ ನಾಲಿಗೆ ಬಿದ್ದಿತ್ತು, ಕಿವಿ ಬಿದ್ದಿರಲಿಲ್ಲ. ಇದುವರೆಗೆ ಒಸ್ವಾಲ್ದೊ ಈ ಒಂದನ್ನು ಮಾತ್ರ ಯೋಚಿಸದೆ ಇಟ್ಟುಕೊಂಡಿದ್ದ: ಮಗ ಮಲಗಿದ್ದಾನೆಂದು ಅಪ್ಪ ನಂಬಿದ್ದ, ನಂಬಿಕೊಂಡೇ ಕೂತಿದ್ದ ಎಂದು. ಈಗ ಮುದುಕಿಯ ಅಂಗೈ ಕೆನ್ನೆಗೆ ಹೋದದ್ದು, ಬೆರಳು ತುಟಿಗೆ ಹೋದದ್ದು ಕಣ್ಣ ಮುಂದಿತ್ತು. ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೇ ಎದುರುಮನೆಯವರ ಮುಂದೆ ಮಗನ ಮಾನ ಮುಚ್ಚಿದ್ದ. ಉಳಿದಿದ್ದ ಆ ಒಂದು ಎಡಗೈ ಎತ್ತಲೂ ಎಷ್ಟು ಕಷ್ಟವಾಗುತ್ತಿತ್ತು ಎಂಬುದು ಒಸ್ವಾಲ್ದೊನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ನನ್ನ ಮಕ್ಕಳಿಗೆ ಹೇಳಿದೀನಿ," ಎಂದಳು ನೆಲಿದಾ. ದನಿ ಏರಲಿಲ್ಲ. "ಮೊಮ್ಮಗಳಿಗೆ ಹೇಳಿದೀನಿ. ಆ ಬೆರಳು ಒಂದೇ ಕಣೋ ನಂಗೆ ಉಳಿದಿದ್ದು. ಆ ವರ್ಷ ನಾನು ಬಂದಿದ್ದೆಷ್ಟು ಸಲ, ವಾರಕ್ಕೊಂದು ಸಲ. ಬೇಜಾರಾದಾಗೆಲ್ಲ ಅಂದ್ಕೋತಿದ್ದೆ, ಕೊನೇಲಿ ಅವರು ಅಂದ್ಕೊಂಡಂಗೆ ಇದ್ರಲ್ಲ ಅಂತ. ಈಗ ನಾನೇನು ಮಾಡ್ಲಿ ಅದನ್ನ?"

ಅವಳು ಹೊಡೆದಿದ್ದರೆ, ಬೈದಿದ್ದರೆ ಅವನಿಗೆ ಒಳ್ಳೆಯದಿತ್ತು. ಅವಳು ಸಿಪ್ಪೆಯ ಬುಟ್ಟಿಯನ್ನು ಕಾಲಿಂದ ಆಚೆ ತಳ್ಳಿ ಕೊಪ್ಪರಿಗೆಯೊಳಗೆ ಇಣುಕಿದಳು.

"ತಿರುವು," ಎಂದಳು. "ತಳ ಹಿಡೀತಿದೆ."

ಅವನು ತಿರುವಿದ. ಗುಳ್ಳೆ ಒಡೆದು ಬಿಸಿಪಾಕ ಮುಂಗೈ ಮೇಲೆ ಹಾರಿತು. ಕೈ ಕೊಡವಿಕೊಳ್ಳಲಿಲ್ಲ, ಕೊಡವದೆ ಇದ್ದದ್ದನ್ನು ಅಕ್ಕ ನೋಡಲಿ ಎಂದು ಒಂದು ಕ್ಷಣ ಆಸೆಪಟ್ಟು, ಆ ಆಸೆಗೆ ತಾನೇ ಹೇಸಿಕೊಂಡ. ಅವಳು ನೋಡಿರಲಿಲ್ಲ. ಮಗುವಿನ ನಗು ಕೋಳಿಗೂಡಿನಿಂದ ಹತ್ತಿರ ಬರುತ್ತಿತ್ತು. ಪಾಕ ಕೆಂಪಿಗೆ ತಿರುಗುವವರೆಗೆ ಅಕ್ಕ ತಮ್ಮ ಇಬ್ಬರಲ್ಲಿ ಒಬ್ಬರ ಕೈ ಸೋತಾಗ ಇನ್ನೊಬ್ಬರು ಹುಟ್ಟು ಹಿಡಿದರು. ಹಿಡಿಯುವಾಗ ಅವಳ ಬೆರಳು ಅವನ ಬೆರಳನ್ನು ಮುಟ್ಟದಂತೆ ಎಚ್ಚರ ವಹಿಸಿದಳು.

ಐದು ಗಂಟೆಗೆ ಮೇಜು ಹಿತ್ತಲಿಗೆ ಬಂತು. ರೊಟ್ಟಿ, ಗಿಣ್ಣು, ಅಚ್ಚಿಗೆ ಹೊಯ್ದು ಮಿಕ್ಕ ಪಾಕ ಒಂದು ತಟ್ಟೆಯಲ್ಲಿ, ಹಾಲು ಹಾಕಿದ ಕಾಫಿ. ಬೇಲಿಯಾಚೆಗಿನ ಮರಗಳ ತುದಿಯಲ್ಲಷ್ಟೇ ಬಿಸಿಲಿತ್ತು. ದೋನ್ಯಾ ಎರ್ಸಿಲಿಯಾ ರೊಟ್ಟಿಯ ಮೇಲೆ ಪಾಕ ಸವರಿ, ಕಣ್ಣು ಮುಚ್ಚಿ ತಿಂದು, ಇದಕ್ಕೋಸ್ಕರ ನಾನು ಇನ್ನೊಂದು ವರ್ಷ ಬದುಕ್ತೀನಿ ಎಂದರು. ರೆನಾತಾ ಅಜ್ಜಿಯ ತೋಳಿಗೆ ಒರಗಿ, "ಅಜ್ಜಿ, ಬೆರಳಿನ ಕತೆ ಇವತ್ತು ಪೂರ್ತಿ ಹೇಳ್ಲೇ ಇಲ್ಲ," ಎಂದಳು.

ನೆಲಿದಾ ಕಪ್ಪು ಕೆಳಗಿಟ್ಟಳು. ಮೊದಲ ಸಲ ತಮ್ಮನ ಮುಖವನ್ನು ನೇರ ನೋಡಿದಳು. ಅವಳು ಆ ಕತೆಯನ್ನೇ ಹೇಳುತ್ತಾಳೆ, ಅದೇ ಮಾತುಗಳಲ್ಲಿ, ನಾನು ಅದೇ ಜಾಗದಲ್ಲಿ ನಗಬೇಕು, ಇನ್ನು ಬದುಕಿರುವವರೆಗೂ ಪ್ರತಿ ಏಪ್ರಿಲ್‌ನಲ್ಲಿ ನಗಬೇಕು ಎಂದುಕೊಂಡ ಒಸ್ವಾಲ್ದೊ. ಅದಕ್ಕೂ ಸಿದ್ಧನಾದ.

"ತಾತನ್ನ ಕೇಳು," ಎಂದಳು ನೆಲಿದಾ. "ಅಲ್ಲಿ ಇದ್ದಿದ್ದು ಅವನು. ನಾನಲ್ಲ."

ಅವನು ಹೇಳಿದ. ಮಕ್ಕಳಿಗೆ ಹೇಳುವ ಹಾಗೆ ಹೇಳಲು ಬರಲಿಲ್ಲ, ಆದ ಹಾಗೆ ಹೇಳಿದ. ಕುರ್ಚಿ, ಬಿಸಿಲು, ಗಿಣ್ಣು, ಎರಡು ಸಲ ಕೂಗಿದ್ದು, ರೇಡಿಯೊ. ಬೆರಳು ಇರಲಿಲ್ಲ ಎಂದ. ಕೋಟನ್ನು ಏನು ಮಾಡಿದೆ ಎಂಬುದನ್ನು ದೋನ್ಯಾ ಎರ್ಸಿಲಿಯಾರ ಕಡೆ ತಿರುಗಿ ಹೇಳಿದ. ಅವರು ಅರ್ಧ ತಿಂದ ರೊಟ್ಟಿಯನ್ನು ತಟ್ಟೆಗೆ ಇಟ್ಟುಬಿಟ್ಟರು. "ಎಚ್ಚರವಾಗೇ ಇದ್ದ್ಯಾ," ಎಂದರು ಮೆಲ್ಲಗೆ, ಯಾರಿಗೆಂದಿಲ್ಲದೆ. ಅವರ ಮುಖದಿಂದ ಏನೋ ಇಳಿದುಹೋಗುತ್ತಿರುವುದನ್ನು ಅವನು ನೋಡಿದ. ಹತ್ತೊಂಬತ್ತು ವರ್ಷ ಅವರೂ ಏನನ್ನೋ ಬೆಚ್ಚಗೆ ಇಟ್ಟುಕೊಂಡಿದ್ದರು, ಅದನ್ನೂ ಅವನು ಕಸಿದಂತಾಯಿತು. ನೆಲಿದಾ ಮೇಜಿನ ಮೇಲಿನ ರೊಟ್ಟಿಯ ಪುಡಿಯನ್ನು ಅಂಗೈಯಿಂದ ಒಂದೆಡೆಗೆ ಕೂಡಿಸುತ್ತಿದ್ದಳು.

ರೆನಾತಾ ಮಾತ್ರ ಅವನನ್ನು ನೋಡುತ್ತಲೇ ಇದ್ದಳು. ಹುಬ್ಬು ಗಂಟಿಕ್ಕಿ, ಲೆಕ್ಕ ಬಿಡಿಸುವಾಗಿನ ಮುಖ. ಬೈಗುಳವೂ ಇಲ್ಲ, ಕನಿಕರವೂ ಇಲ್ಲ.

"ತಾತ," ಎಂದಳು, "ನಿದ್ದೆ ಚೆನ್ನಾಗಿ ಬಂದಿತ್ತಾ?"

ನೆಲಿದಾಳ ಕೈ ನಿಂತಿತು. ಇಷ್ಟು ವರ್ಷ ಅವನು ತನಗೇ ತಾನು ನೂರು ಪ್ರಶ್ನೆ ಹಾಕಿಕೊಂಡಿದ್ದ, ನೂರಕ್ಕೂ ತಪ್ಪೊಪ್ಪಿಗೆ ಸಿದ್ಧ ಮಾಡಿಟ್ಟುಕೊಂಡಿದ್ದ. ಇದನ್ನು ಯಾರೂ ಕೇಳಿರಲಿಲ್ಲ. ಹೊಟ್ಟೆಯೊಳಗಿನ ಬಿಸುಪು, ಅಂಗಾಲಿನ ಬಿಸಿಲು, ದೂರದಲ್ಲಿ ಸಾವಿರಾರು ಜನರ ಸಣ್ಣ ಗದ್ದಲ, ಮೈಯ ಒಂದೊಂದು ಗಂಟೂ ಸಡಿಲಾಗಿ ಕೆಳಕ್ಕೆ ಇಳಿಯುತ್ತ ಹೋದದ್ದು. ಅಕ್ಕನ ಕಡೆ ನೋಡಿದ. ಅವಳು ಕೂಡ ಕಾಯುತ್ತಿದ್ದಳು.

"ಹೂಂ ಮಗಳೇ," ಎಂದ ಒಸ್ವಾಲ್ದೊ. "ತುಂಬಾ ಚೆನ್ನಾಗಿತ್ತು."